ಕಸದ ಬುಟ್ಟಿಯಲ್ಲಿದ್ದ ಕಾಗದಗಳು

ಕಂಪ್ಯೂಟರ್ ಒಂದನ್ನು ಲಿನಕ್ಸ್‌ಗೆ ಬದಲಿಸುವ ಮುಂಚೆ ನಾನು ಒಂದು ಹಾಳೆ ತುಂಬುತ್ತಿದ್ದೆ. ಅದರಲ್ಲಿ ಹದಿನಾಲ್ಕು ಪ್ರಶ್ನೆಗಳಿದ್ದವು. ಯಾವ ಪ್ರಿಂಟರ್, ಯಾವ ಸ್ಕ್ಯಾನರ್, ಕನ್ನಡವನ್ನು ಯಾವ ಕೀಲಿಮಣೆ ವಿನ್ಯಾಸದಲ್ಲಿ ಟೈಪ್ ಮಾಡುತ್ತೀರಿ, ಹಳೆಯ ಫಾಂಟಿನ ಕಡತಗಳು ಎಷ್ಟಿವೆ, ಡೆಸ್ಕ್‌ಟಾಪ್ ಮೇಲೆ ಏನೇನಿದೆ, ಡಿ ಡ್ರೈವಿನಲ್ಲಿ ಏನಿದೆ. ಕೊನೆಯ ಪ್ರಶ್ನೆ: ಎಲ್ಲ ನಕಲಾಯಿತೇ? ಅದರ ಮುಂದೆ ಮಾಲೀಕರ ಸಹಿ. ನಾನು ಮುಂಚೆ ಕೆಲಸ ಮಾಡುತ್ತಿದ್ದ ಪತ್ರಿಕೆಯ ಡೆಸ್ಕಿನಲ್ಲಿ ಪುಟ ಮುದ್ರಣಕ್ಕೆ ಹೋಗುವ ಮುಂಚೆ ಹೀಗೆ ಸಹಿ ಹಾಕುವ ರೂಢಿಯಿತ್ತು. ಅದನ್ನೇ ಇಲ್ಲಿಗೂ ತಂದಿದ್ದೆ. ಔರಾದದ ಟೈಪಿಸ್ಟ್ ತುಂಬಿಕೊಟ್ಟ ಹಾಳೆ ಈಗಲೂ ನನ್ನ ಹತ್ತಿರ ಇದೆ. ಹದಿನಾಲ್ಕೂ ಪ್ರಶ್ನೆಗಳಿಗೆ ಉತ್ತರವಿದೆ, ಸಹಿ ಇದೆ. ಹಾಳೆಯ ಮಟ್ಟಿಗೆ ಒಂದೂ ತಪ್ಪಿಲ್ಲ.

ಅದು ಸಾಲಾಗಿ ಬರ ಬಿದ್ದ ವರ್ಷಗಳ ಮಾತು. ಕಾರಂಜಾ ಜಲಾಶಯದ ತಳ ಬಿರುಕು ಬಿಟ್ಟಿತ್ತು. ಬೀದರ ನಗರದಲ್ಲೇ ಟ್ಯಾಂಕರ್ ಬರುವ ಹೊತ್ತಿಗೆ ತಕ್ಕಂತೆ ಜನ ತಮ್ಮ ಕೆಲಸ ಹೊಂದಿಸಿಕೊಳ್ಳುತ್ತಿದ್ದರು. ನಾವು ಐದಾರು ಜನ ಭಾನುವಾರ ಒಂದು ಟ್ಯೂಷನ್ ಕೋಣೆಯಲ್ಲಿ ಸೇರಿ, ಹಳೆಯ ಕಂಪ್ಯೂಟರುಗಳಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಪುಕ್ಕಟೆಯ ಮುಕ್ತ ತಂತ್ರಾಂಶ ಹಾಕಿಕೊಡುವ ಕೆಲಸ ಮಾಡುತ್ತಿದ್ದೆವು. ಜಿಲ್ಲೆಯ ಸಣ್ಣ ಅಂಗಡಿಗಳಲ್ಲಿದ್ದ ಬಹುತೇಕ ಯಂತ್ರಗಳಲ್ಲಿ ಯಾರೋ ಹಾಕಿಕೊಟ್ಟ ಕಳ್ಳಪ್ರತಿಯ ವಿಂಡೋಸ್ ಇತ್ತು, ಅದೂ ಹಳೆಯದು, ತಯಾರಕರು ರಕ್ಷಣೆ ನಿಲ್ಲಿಸಿದ್ದು. ಒಂದು ಪೆನ್‌ಡ್ರೈವ್ ಚುಚ್ಚಿದರೆ ಸಾಕು, ಫೋಲ್ಡರುಗಳೆಲ್ಲ ಮಾಯವಾಗಿ ಅವುಗಳ ಜಾಗದಲ್ಲಿ ಸುಳ್ಳು ಶಾರ್ಟ್‌ಕಟ್‌ಗಳು ಕೂರುತ್ತಿದ್ದವು. ಮುಕ್ತ ತಂತ್ರಾಂಶಕ್ಕೆ ಆ ಕಾಯಿಲೆ ಅಂಟುವುದಿಲ್ಲ, ಹಳೆಯ ಯಂತ್ರದಲ್ಲೂ ಓಡುತ್ತದೆ, ಯಾರಿಗೂ ಅಂಜಬೇಕಿಲ್ಲ. ಇಷ್ಟನ್ನು ಹೇಳಲು ನಮಗೆ ಎರಡು ನಿಮಿಷ ಸಾಕಾಗುತ್ತಿತ್ತು. ಮಾಡಿ ತೋರಿಸಲು ಎರಡು ದಿನ ಬೇಕಾಗುತ್ತಿತ್ತು.

ಎಲ್ಲ ಕಡೆ ಗೆಲ್ಲಲಿಲ್ಲ. ಭಾಲ್ಕಿಯ ಬೀಜದ ಅಂಗಡಿಯವರು ಒಂಬತ್ತನೆಯ ದಿನ ಯಂತ್ರವನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬೀದರಿಗೇ ಬಂದರು. ಅವರ ಬಿಲ್ಲಿನ ತಂತ್ರಾಂಶ ವಿಂಡೋಸನ್ನು ಅನುಕರಿಸುವ ಒಂದು ಪದರದ ಮೇಲೆ ಓಡುತ್ತಿತ್ತು, ಆದರೆ ಪ್ರಿಂಟ್ ಕೊಟ್ಟಾಗೆಲ್ಲ ಮುಚ್ಚಿಹೋಗುತ್ತಿತ್ತು.

"ಅಣ್ಣಾ, ನಿಮ್ಮ ಫುಕಟ್ ಸಾಮಾನು ನಮಗ ಭಾಳ ತುಟ್ಟಿ ಆತ್ರಿ" ಅಂದರು. "ಗಿರಾಕಿ ನಿಂತಾನ, ನಾ ಅವಗ ಸ್ವಾತಂತ್ರ್ಯ ಅಂದ್ರ ಏನಂತ ಹೇಳ್ಲ್ಯೊ, ಬೀಜ ಕೊಡ್ಲ್ಯೊ?"

ಅದೇ ಊರಿನ ಟ್ಯೂಷನ್ ಶಿಕ್ಷಕಿಯೊಬ್ಬರು ಮಾತ್ರ ಒಂದೂ ದೂರಿಲ್ಲದೆ ಬಳಸುತ್ತಿದ್ದರು. ನಾವು ಊರೂರಿಗೆ ಹೋದಾಗ ಹೆಸರು ಹೇಳುತ್ತಿದ್ದುದು ಅವರದನ್ನೇ.

ಔರಾದದ ಟೈಪಿಸ್ಟ್ ನಮ್ಮನ್ನು ತಾವಾಗಿ ಹುಡುಕಿಕೊಂಡು ಬಂದವರು. ನಲವತ್ತರ ಆಸುಪಾಸಿನ ಮನುಷ್ಯ. ತಾಲ್ಲೂಕು ಕಚೇರಿ ಎದುರಿನ ತಗಡಿನ ಅಂಗಡಿಯಲ್ಲಿ ಒಂದು ಕಂಪ್ಯೂಟರ್, ಒಂದು ಸ್ಕ್ಯಾನರ್, ಒಂದು ಲೇಸರ್ ಪ್ರಿಂಟರ್. ಅರ್ಜಿ, ಅಫಿಡವಿಟ್, ಪಾಸ್‌ಪೋರ್ಟ್ ಅಳತೆಯ ಫೋಟೋ ಅವರ ಕೆಲಸ. ಇನ್ನೊಂದು ಕೆಲಸವೂ ಇತ್ತು, ಅದಕ್ಕೆ ಬೋರ್ಡ್ ಇರಲಿಲ್ಲ. ದಸರೆ ಮುಗಿಯುತ್ತಿದ್ದಂತೆ ಪುಣೆ, ಹೈದರಾಬಾದ್ ಕಡೆ ಕೆಲಸಕ್ಕೆ ಹೊರಡುವ ಕುಟುಂಬಗಳು ಲಾರಿ ಹತ್ತುವ ಮುಂಚೆ ಈ ಅಂಗಡಿಗೆ ಬಂದು ರೇಷನ್ ಕಾರ್ಡು, ಮಕ್ಕಳ ಪ್ರಮಾಣಪತ್ರ, ಪಹಣಿ ಎಲ್ಲವನ್ನೂ ಸ್ಕ್ಯಾನ್ ಮಾಡಿಸಿ ಇಟ್ಟುಹೋಗುತ್ತಿದ್ದವು. "ನಮ್ಮ ಕಾಗದ ನಿಮ್ಮ ಡಬ್ಬಿಯಾಗ ಇರ್ಲಿ" ಎನ್ನುತ್ತಿದ್ದರು. ಡಬ್ಬಿ ಅಂದರೆ ಕಂಪ್ಯೂಟರ್. ಅಲ್ಲಿಂದ ಫೋನ್ ಬಂದರೆ ಟೈಪಿಸ್ಟ್ ಆ ಕಾಗದವನ್ನು ತೆಗೆದು, ಪ್ರಿಂಟ್ ಹಾಕಿ ಬೇಕಾದಲ್ಲಿಗೆ ಮುಟ್ಟಿಸುತ್ತಿದ್ದರು. ಬೀಗ ಹಾಕಿದ ಮನೆಗಳ ಊರಿನಲ್ಲಿ ಆ ಡಬ್ಬಿ ಎಲ್ಲರ ಟ್ರಂಕು.

ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಅದನ್ನೇ ಮುಂದಿಟ್ಟು ಅವರಿಗೆ ಹೇಳಿದ್ದೆ: ಇಷ್ಟು ಜನರ ಕಾಗದ ಇಟ್ಟುಕೊಂಡವರು ವೈರಸ್ ಇರುವ ಯಂತ್ರ ಇಟ್ಟುಕೊಳ್ಳಬಾರದು.

ಬದಲಾವಣೆಗೆ ಒಂದೂವರೆ ದಿನ ಹಿಡಿಯಿತು. ಮೊದಲ ದಿನ ಡೆಸ್ಕ್‌ಟಾಪ್, ನನ್ನ ದಾಖಲೆಗಳ ಫೋಲ್ಡರ್, ಬ್ರೌಸರಿನ ಗುರುತುಗಳು, ಫಾಂಟುಗಳನ್ನು ನನ್ನ ಹೊರಗಿನ ಡಿಸ್ಕಿಗೆ ನಕಲು ಮಾಡಿದೆ. ಡಿ ಡ್ರೈವನ್ನು ಮುಟ್ಟದೆ ಉಳಿಸಿ, ಸಿ ಡ್ರೈವನ್ನು ಅಳಿಸಿ ಅಲ್ಲಿ ಹಗುರವಾದ ಡೆಸ್ಕ್‌ಟಾಪಿನ ಲಿನಕ್ಸ್ ಹಾಕಿದೆ. ಪ್ರಿಂಟರನ್ನು ನಡೆಸುವ ಚಾಲಕ ತಂತ್ರಾಂಶ ಸಿಗದೆ ಎರಡನೆಯ ದಿನದ ಅರ್ಧ ಹೋಯಿತು. ಅದೇ ತಯಾರಿಕೆಯ ಇನ್ನೊಂದು ಮಾದರಿಯ ಚಾಲಕ ಹಾಕಿದಾಗ ಪುಟ ಬಂತು, ಎಡಗಡೆಯ ಅಂಚು ಮಾತ್ರ ಸ್ವಲ್ಪ ಸರಿದಿತ್ತು. ಕನ್ನಡ ಕೀಲಿಮಣೆ ಅವರ ಬೆರಳಿಗೆ ರೂಢಿಯಿದ್ದ ವಿನ್ಯಾಸದಲ್ಲೇ ಸಿಕ್ಕಿತು. ಫೋಟೋ ಕತ್ತರಿಸಲು, ಹಿನ್ನೆಲೆ ಬದಲಿಸಲು, ಒಂದು ಚಿತ್ರದ ತುಂಡನ್ನು ಇನ್ನೊಂದರ ಮೇಲೆ ಪದರವಾಗಿ ಕೂರಿಸಲು ಮುಕ್ತ ತಂತ್ರಾಂಶದಲ್ಲೇ ಹೇಗೆ ಎಂದು ಒಂದು ತಾಸು ಕೂತು ಕಲಿಸಿದೆ. ಅವರು ಒಂದೇ ಸಲಕ್ಕೆ ಹಿಡಿದರು. ಒಳ್ಳೆಯ ಕೈ.

"ಎಲ್ಲಾ ಬಂತೇನ್ರಿ? ಒಮ್ಮೆ ನೋಡಿ ಸಹಿ ಮಾಡ್ರಿ" ಅಂದೆ.

ಅವರು ಹೊಸ ಪರದೆಯನ್ನು ನೋಡಿದರು. ಮೂಲೆಯಲ್ಲಿದ್ದ ಕಸದ ಬುಟ್ಟಿಯ ಚಿತ್ರದ ಮೇಲೆ ಬೆರಳಿಟ್ಟರು. "ಬುಟ್ಟಿನೂ ಬಂದದಲ್ರಿ. ಮತ್ತೇನ್ ಬೇಕು" ಎಂದು ನಕ್ಕು ಸಹಿ ಹಾಕಿದರು.

ಹಳೆಯದರ ಹಾಗೆಯೇ ಹೊಸದೂ ಕಾಣುತ್ತಿದೆ ಎಂದು ಅವರಿಗೆ ಖುಷಿಯಾಗಿದೆ ಅಂದುಕೊಂಡೆ. ನಾನೂ ನಕ್ಕೆ.

ಮೂರು ವಾರದ ನಂತರ, ಒಂದು ಗುರುವಾರ ಬೆಳಿಗ್ಗೆ, ಭಾಲ್ಕಿಯ ಶಿಕ್ಷಕಿಯ ಮನೆಯಲ್ಲಿ ಪ್ರೊಜೆಕ್ಟರ್ ಹೊಂದಿಸುತ್ತಿದ್ದಾಗ ಟೈಪಿಸ್ಟರ ಫೋನ್ ಬಂತು.

"ಪೇಪರ್ ಅಣ್ಣಾ, ಬುಟ್ಟಿ ಖಾಲಿ ತೋರ್ಸಲತ್ತದರಿ."

"ಯಾವ ಬುಟ್ಟಿ?"

"ಅದೇ, ಕಾಗದದ ಬುಟ್ಟಿ. ಎಕಂಬಾದವ್ರು ಬಂದ್ ಕುಂತಾರ. ಅವ್ರ ಕಾಗದ ತೆಗೀಬೇಕು. ಹ್ಯಾಂಗ ತೆಗೀಬೇಕ್ರಿ ಇದರಾಗ?"

ಅರ್ಥವಾಗಲು ನನಗೆ ಐದು ನಿಮಿಷ ಹಿಡಿಯಿತು. ಎರಡು ವರ್ಷದ ಹಿಂದೆ ಅವರ ಡಿ ಡ್ರೈವಿನ ಫೋಲ್ಡರುಗಳನ್ನು ವೈರಸ್ ನುಂಗಿತ್ತು. ಆಗ ಡಿಲೀಟ್ ಮಾಡಿ ಬುಟ್ಟಿಯಲ್ಲಿ ಬಿದ್ದಿದ್ದ ಕಡತಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಅಂಗಡಿಗೆ ಬಂದವರು ಮೌಸ್ ಹಿಡಿದು ಎಲ್ಲೆಲ್ಲೋ ಒತ್ತುತ್ತಿದ್ದರು. ಬುಟ್ಟಿಯನ್ನು ಮಾತ್ರ ಯಾರೂ ತೆರೆಯುತ್ತಿರಲಿಲ್ಲ. ಅಂದಿನಿಂದ ಅವರು ವಲಸೆ ಹೋಗುವವರ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ, ಊರು ಮತ್ತು ಮನೆಯ ಹೆಸರು ಕೊಟ್ಟು, ಡಿಲೀಟ್ ಮಾಡಿ ಇಡುತ್ತಿದ್ದರು. ಬೇಕಾದಾಗ ಹಿಂದಕ್ಕೆ ತಂದು, ಪ್ರಿಂಟ್ ತೆಗೆದು, ಮತ್ತೆ ಡಿಲೀಟ್ ಮಾಡುತ್ತಿದ್ದರು. ಬುಟ್ಟಿ ತುಂಬಿ ತಾನಾಗಿ ಹಳೆಯದನ್ನು ಚೆಲ್ಲದಂತೆ ಅದರ ಗಾತ್ರವನ್ನೂ ಯಾರನ್ನೋ ಕೇಳಿ ದೊಡ್ಡದು ಮಾಡಿಸಿದ್ದರು.

"ಕಸದ ಬುಟ್ಟ್ಯಾಗ ಯಾರ್ ಕೈ ಹಾಕ್ತಾರ್ರಿ?" ಅಂದರು. ಅವರ ದನಿಯಲ್ಲಿ ಇನ್ನೂ ಗಾಬರಿ ಇರಲಿಲ್ಲ. ಆ ಬುಟ್ಟಿ ಈ ಬುಟ್ಟಿಗೆ ಬಂದಿದೆ, ತೆಗೆಯುವ ದಾರಿ ತಮಗೆ ಗೊತ್ತಿಲ್ಲ, ಅಷ್ಟೇ ಎಂದು ತಿಳಿದಿದ್ದರು.

ಆ ಬುಟ್ಟಿ ಇದ್ದದ್ದು ಸಿ ಡ್ರೈವಿನಲ್ಲಿ. ಅದನ್ನು ಅಳಿಸಿದವನು ನಾನು.

"ಕಂಪ್ಯೂಟರ್ ಬಂದ್ ಮಾಡ್ರಿ" ಅಂದೆ. "ಈಗೇ. ವೈರ್ ಕಿತ್ತುಬಿಡ್ರಿ. ನಾ ಬರೋತನ ಮುಟ್ಟಬ್ಯಾಡ್ರಿ."

ಫೋನಿನಲ್ಲಿ ಪಿನ್ನು ಕಿತ್ತ ಸದ್ದು ಕೇಳಿತು.

ಅಳಿಸಿದ ಡಿಸ್ಕಿನಲ್ಲಿ ಕಡತದ ಹೆಸರು ಮತ್ತು ವಿಳಾಸ ಹೋಗುತ್ತವೆ. ಒಳಗಿನ ಸಾಮಾನು ಅದರ ಮೇಲೆ ಬೇರೇನಾದರೂ ಬರೆಯುವ ತನಕ ಅಲ್ಲೇ ಇರುತ್ತದೆ. ಆದರೆ ಮೇಲೆ ಇಡೀ ಒಂದು ಹೊಸ ವ್ಯವಸ್ಥೆ ಕೂತಿತ್ತು, ಮೂರು ವಾರದ ಅರ್ಜಿಗಳು, ಫೋಟೋಗಳು ಬಿದ್ದಿದ್ದವು. ಏನು ಉಳಿದಿದೆಯೋ ಯಾರೂ ಹೇಳುವಂತಿರಲಿಲ್ಲ.

ಔರಾದ ಮುಟ್ಟಿದಾಗ ಮಧ್ಯಾಹ್ನವಾಗಿತ್ತು. ಅಂಗಡಿಯ ಬೆಂಚಿನ ಮೇಲೆ ಎಕಂಬಾ ಹಳ್ಳಿಯ ತಾಯಿ ಮತ್ತು ಮಗಳು ಕೂತಿದ್ದರು. ತಾಯಿ "ಜೈ ಭೀಮ್ ರಿ" ಅಂದರು, ಮಗಳು ಎದ್ದು ನಿಂತಳು. ಹದಿನೆಂಟರ ಹುಡುಗಿ. ಪಿಯುಸಿ ಪರೀಕ್ಷೆ ಮುಗಿಸಿ, ಪುಣೆಯ ಕಟ್ಟಡ ಕೆಲಸಕ್ಕೆ ತಂದೆತಾಯಿಯ ಜೊತೆ ಹೋಗಿದ್ದಳು. ಬೀದರಿನಲ್ಲಿ ಒಂದು ನರ್ಸಿಂಗ್ ತರಬೇತಿ ಶಾಲೆಯ ಪಟ್ಟಿಯಲ್ಲಿ ಅವಳ ಹೆಸರು ಬಂದಿತ್ತು. ಸೋಮವಾರ ದಾಖಲೆ ಪರಿಶೀಲನೆ. ಹೆಸರು ಬಂದದ್ದು ನಮ್ಮ ಭಾಗದವರಿಗೆ ಇರುವ ಸ್ಥಳೀಯ ಮೀಸಲಾತಿಯಲ್ಲಿ. ಅದಕ್ಕೆ ಸ್ಥಳೀಯರೆಂಬ ಪ್ರಮಾಣಪತ್ರ ತೋರಿಸಬೇಕು. ಅಂಕಪಟ್ಟಿಗಳು ಕಾಲೇಜಿನಲ್ಲೇ ಇದ್ದವು. ಆ ಪ್ರಮಾಣಪತ್ರ ಇದ್ದ ಚೀಲ, ಕೂಲಿಯವರನ್ನು ಕರೆದೊಯ್ಯುವ ಮುಕಾದಮ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಲಾರಿಯಲ್ಲಿ ಸಾಮಾನು ಸಾಗಿಸುವಾಗ ಕಳೆದುಹೋಗಿತ್ತು.

"ಅದಕ್ಯಾಕ ಫಿಕರ್ ಮಾಡ್ತೀ, ಡಬ್ಬಿಯಾಗ ಅದ ಅಂತ ನಾನೇ ಆಕಿಗ ಹೇಳೀನ್ರಿ" ಅಂದರು ತಾಯಿ. "ಹಾದಿ ತುಂಬಾ ಹೇಳ್ಕೋತ ಬಂದೀನಿ."

ಶಾಲೆಗೆ ಫೋನ್ ಮಾಡಿ ಕೇಳಿದೆ. ಮೂಲ ಪ್ರತಿ ಕಳೆದಿದ್ದರೆ ನಕಲು ನಡೆಯುತ್ತದೆ, ಕಚೇರಿಯಿಂದ ಎರಡನೆಯ ಪ್ರತಿ ತಿಂಗಳೊಳಗೆ ತರುತ್ತೇವೆಂದು ಮುಚ್ಚಳಿಕೆ ಬರೆದುಕೊಡಬೇಕು, ಆದರೆ ನಕಲಿನಲ್ಲಿ ನಂಬರು, ಸಹಿ, ಮೊಹರು ಮೂರೂ ಕಾಣಬೇಕು ಅಂದರು. ಪ್ರಮಾಣಪತ್ರ ಕೊಟ್ಟ ಕಚೇರಿಯಲ್ಲಿ ವಿಚಾರಿಸಿದೆ. ನಂಬರು ಇಲ್ಲದೆ ಹಳೆಯ ರಿಜಿಸ್ಟರ್ ಹುಡುಕುವುದು ಕಷ್ಟ. ನಂಬರು ಇದ್ದರೂ ಸಹಿ ಹಾಕುವ ಅಧಿಕಾರಿ ಮೇವು ಬ್ಯಾಂಕ್, ಟ್ಯಾಂಕರ್ ಎಂದು ತಿರುಗಾಟದಲ್ಲಿದ್ದಾರೆ, ಎರಡು ಮೂರು ವಾರ ಬೇಕು ಎಂಬ ಉತ್ತರ ಬಂತು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ತಾಯಿಗೂ ಮಗಳಿಗೂ ವಿಷಯ ಹೇಳಿದೆ. ಕಂಪ್ಯೂಟರ್ ಬದಲಿಸುವಾಗ ಆ ಜಾಗವನ್ನು ನಾನು ಅಳಿಸಿದ್ದೇನೆ, ಹುಡುಕುತ್ತೇನೆ, ಸಿಗುತ್ತದೆಂದು ಮಾತು ಕೊಡಲಾರೆ ಎಂದೆ.

ತಾಯಿ ಟೈಪಿಸ್ಟರ ಮುಖ ನೋಡಿದರು. "ಇವ್ರ್ಯಾರ್ರಿ?" ಎಂದು ಅವರನ್ನು ಕೇಳಿದರು. ನಾನು ಎದುರಿಗೇ ನಿಂತಿದ್ದೆ.

ಶುಕ್ರವಾರ ಡಿಸ್ಕ್ ಬಿಚ್ಚಿ, ನನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ಇಡೀ ಡಿಸ್ಕಿನ ಅಚ್ಚುಪ್ರತಿ ತೆಗೆಯಲು ಹಚ್ಚಿದೆ. ಮೂಲದ ಮೇಲೆ ಒಂದು ಬಿಟ್ ಕೂಡ ಬರೆಯಬಾರದು. ಹುಡುಕಾಟವೆಲ್ಲ ಅಚ್ಚುಪ್ರತಿಯ ಮೇಲೆ. ಎಲ್ಲಿಯವರೆಗೆ ನಕಲಾಯಿತೆಂದು ಆ ತಂತ್ರಾಂಶ ಒಂದು ಪಟ್ಟಿ ಬರೆದಿಡುತ್ತದೆ. ಅದು ಒಳ್ಳೆಯದಾಯಿತು, ಯಾಕೆಂದರೆ ಅಂದು ಕರೆಂಟ್ ಮೂರು ಸಲ ಹೋಯಿತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇತ್ತು, ಹೊರಗಿನ ಡಿಸ್ಕಿಗೆ ಇರಲಿಲ್ಲ. ಪ್ರತಿ ಸಲವೂ ನಿಂತಲ್ಲಿಂದ ಮತ್ತೆ ಶುರು ಮಾಡಿದೆ. ಅಂಗಡಿಗೆ ಬಂದವರನ್ನು ಟೈಪಿಸ್ಟ್ ಬಾಗಿಲಲ್ಲೇ ತಡೆದು, "ಇವತ್ತ ಡಬ್ಬಿಗಿ ಆಪರೇಷನ್ ನಡದದ, ನಾಳಿ ಬರ್ರಿ" ಎಂದು ಕಳಿಸುತ್ತಿದ್ದರು. ಜನ ನಗುತ್ತಿದ್ದರು. ಅವರೂ ನಗುತ್ತಿದ್ದರು, ಒಳಗೆ ತಿರುಗಿದಾಗ ಆ ನಗು ಇರುತ್ತಿರಲಿಲ್ಲ.

ಶನಿವಾರ ಅಚ್ಚುಪ್ರತಿಯ ಮೇಲೆ ಚಿತ್ರಗಳನ್ನು ಹೆಕ್ಕುವ ತಂತ್ರಾಂಶ ಓಡಿಸಿದೆ. ಅದು ಕಡತದ ಹೆಸರು ನೋಡುವುದಿಲ್ಲ, ಚಿತ್ರವೊಂದು ಶುರುವಾಗುವ ಗುರುತನ್ನು ಹುಡುಕಿ ಅಲ್ಲಿಂದ ಮುಂದಕ್ಕೆ ಕತ್ತರಿಸಿ ಕೊಡುತ್ತದೆ. ಸಾವಿರಾರು ಚಿತ್ರಗಳು ಬಂದವು. ಒಂದಕ್ಕೂ ಹೆಸರಿಲ್ಲ, ಎಲ್ಲಕ್ಕೂ ಅಂಕಿ. ಲಗ್ನಪತ್ರಿಕೆಯ ಗಣಪತಿ, ಸಿನಿಮಾ ನಟರು, ಟ್ರ್ಯಾಕ್ಟರ್ ಜಾಹೀರಾತು, ಅವುಗಳ ನಡುವೆ ಜನರ ಕಾಗದಗಳು. ನಾನೂ ಟೈಪಿಸ್ಟರೂ ಆ ಹುಡುಗಿಯೂ ಸಾಲಾಗಿ ಕೂತು ಒಂದೊಂದನ್ನೇ ನೋಡಿದೆವು. ಕೆಲವು ಪೂರ್ತಿ ಇದ್ದವು. ಹೆಚ್ಚಿನವು ಅರ್ಧಕ್ಕೆ ಬೂದು ಬಣ್ಣಕ್ಕೆ ತಿರುಗುತ್ತಿದ್ದವು. ರೇಷನ್ ಕಾರ್ಡಿನ ಫೋಟೋದಲ್ಲಿ ಒಬ್ಬ ಹೆಂಗಸಿನ ಹಣೆ ಮತ್ತು ಕುಂಕುಮ ಇತ್ತು, ಕೆಳಗೆ ಬರೀ ಬೂದಿ. ಟೈಪಿಸ್ಟ್ ಹಣೆ ನೋಡಿಯೇ ಯಾರೆಂದು ಹೇಳುತ್ತಿದ್ದರು. "ಇದು ಮನ್ನಳ್ಳಿ ಅಕ್ಕಂದು. ಇದು ಹಂಗೇ ಹೋತು. ಇದೂ ಹೋತು." ಆಮೇಲೆ ಬರೀ ಗುಂಡಿ ಒತ್ತಿ ಮುಂದಿನ ಚಿತ್ರಕ್ಕೆ ಹೋಗುತ್ತಿದ್ದರು.

ಭಾನುವಾರ ಬೆಳಿಗ್ಗೆ ಹುಡುಗಿಯೇ ಅದನ್ನು ಕಂಡಳು. "ಸರ್, ನಿಲ್ಲಸ್ರಿ. ಇದು ನಂದು."

ಪ್ರಮಾಣಪತ್ರದ ಮೇಲಿನ ಭಾಗ ಸ್ವಚ್ಛವಾಗಿ ಬಂದಿತ್ತು. ನಂಬರು ಇತ್ತು. ಅವಳ ಹೆಸರು, ತಂದೆಯ ಹೆಸರು, ಊರು, ಹತ್ತು ಸಾಲು ಒಕ್ಕಣೆ. ಸಹಿ ಮತ್ತು ಮೊಹರು ಇರಬೇಕಾದ ಕಡೆ ಬೂದು. ಕತ್ತರಿಸಿದ ಮುಂದಿನ ತುಂಡನ್ನು ಹುಡುಕಲು ಆ ಜಾಗದ ಸುತ್ತಲಿನ ವಲಯಗಳನ್ನು ಕೈಯಾರೆ ತೆರೆದು ನೋಡಿದೆ. ಅಲ್ಲಿ ಕೂತಿದ್ದದ್ದು ನಾನು ಹಾಕಿದ ಪ್ರಿಂಟರ್ ಚಾಲಕದ ಕಡತಗಳು.

ಟೈಪಿಸ್ಟ್ ನನ್ನನ್ನು ಚಹಾ ಕುಡಿದು ಬರಲು ಕಳಿಸಿದರು. ಕಾಲುಗಂಟೆ ಕಳೆದು ಬಂದಾಗ ಪರದೆಯ ಮೇಲೆ ಹುಡುಗಿಯ ಪ್ರಮಾಣಪತ್ರ ಪೂರ್ತಿಯಾಗಿತ್ತು. ನೀಲಿ ಸಹಿ, ನೇರಳೆ ಮೊಹರು, ಮೊಹರಿನ ಅಂಚು ಅಕ್ಷರದ ಮೇಲೆ ಸ್ವಲ್ಪ ಹತ್ತಿದ್ದು ಕೂಡ. ಕೆಡದೆ ಉಳಿದಿದ್ದ ಬೇರೆ ಮನೆಯವರ ಪ್ರಮಾಣಪತ್ರದಿಂದ ಎತ್ತಿದ್ದು. ಅದೇ ವರ್ಷ, ಅದೇ ಅಧಿಕಾರಿ.

"ನೀವೇ ಕಲ್ಸಿದ್ದ್ರಿ ಇದು" ಅಂದರು. ಚೇಷ್ಟೆಯ ದನಿ ಅಲ್ಲ.

"ಇದು ನಡಿಯಂಗಿಲ್ರಿ."

"ಯಾಕ ನಡಿಯಂಗಿಲ್ಲ? ನಂಬರ್ ಆಕೀದೇ. ಹೆಸರ್ ಆಕೀದೇ. ಸಾಹೇಬ್ರು ಖರೇನೇ ಸಹಿ ಮಾಡಿದ್ರು. ಮಾಡಿದ ಸಹಿ ಹೊಳ್ಳಿ ಜಾಗಾಕ್ಕ ಕುಂದ್ರಸೀನಿ, ಅಷ್ಟೇ."

ತಾಯಿ ಹತ್ತಿರ ಬಂದು ಪರದೆ ನೋಡಿದರು. ಅವರಿಗೆ ಓದಲು ಬರುತ್ತಿರಲಿಲ್ಲ, ಮೊಹರಿನ ಗುರುತು ಸಿಕ್ಕಿತು. "ಹಾಂ, ಇದೇ. ಹಿಂಗೇ ಇತ್ತು" ಅಂದರು. ನಾವು ಯಾಕೆ ವಾದಿಸುತ್ತಿದ್ದೇವೆಂದು ತಿಳಿದ ಮೇಲೆ ನನ್ನ ಕಡೆ ತಿರುಗಿದರು. "ಸುಳ್ಳ್ಯಾಂಗ ಆತ್ರಿ ಇದು? ನಾ ಮೂರ್ ದಿನ ಆ ಕಚೇರಿ ಮುಂದ ಕುಂತು ಮಾಡ್ಸಿದ್ದು. ಇದ್ದದ್ದನ್ನ ನೀವು ಅಳ್ಸೀರಿ. ಇವ್ರು ಹೊಳ್ಳಿ ಬರ್ದಾರ. ಯಾರ್ದು ತಪ್ಪ್ರಿ?"

ನನ್ನ ಹತ್ತಿರ ಇದ್ದದ್ದು ಒಂದು ನಿಯಮ. ಇಲ್ಲದ ಸಹಿಯನ್ನು ಇದೆಯೆಂದು ತೋರಿಸಬಾರದು. ತಿಂಗಳೊಳಗೆ ಬರುವ ಎರಡನೆಯ ಪ್ರತಿಯ ಸಹಿ ಬೇರೆ ಅಧಿಕಾರಿಯದಾಗಿರುತ್ತದೆ, ಎರಡನ್ನೂ ಪಕ್ಕದಲ್ಲಿಟ್ಟು ಯಾರಾದರೂ ಹಳೆಯ ರಿಜಿಸ್ಟರ್ ತೆಗೆದರೆ ಸಿಕ್ಕಿಬೀಳುವವಳು ಹುಡುಗಿ, ಸೀಟು ಒಂದೇ ಅಲ್ಲ, ಮುಂದಿನ ಎಲ್ಲ ಬಾಗಿಲೂ ಮುಚ್ಚುತ್ತವೆ ಎಂದು ಅವರಿಗೆ ಹೇಳಿದೆ. ಇದೆಲ್ಲ ನಿಜವೇ. ಜೊತೆಗೆ ನನ್ನ ಹೆಸರಿನ ಚಿಂತೆಯೂ ನನಗಿತ್ತು. ಮುಕ್ತ ತಂತ್ರಾಂಶದವರು ಖೊಟ್ಟಿ ಕಾಗದ ಮಾಡಿಕೊಟ್ಟರು ಎಂಬ ಒಂದು ಸಾಲಿನ ಸುದ್ದಿ ಹೇಗಿರುತ್ತದೆ, ಯಾವ ಪುಟದಲ್ಲಿ ಬರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಎರಡರಲ್ಲಿ ಯಾವುದು ಎಷ್ಟಿತ್ತು ಎಂದು ಇವತ್ತಿಗೂ ತೂಗಿ ಹೇಳಲಾರೆ.

ಬೆಂಚಿನ ಮೇಲೆ ಕೂತ ಹುಡುಗಿಯನ್ನು ನಾವು ಮೂವರೂ ಕೇಳಲಿಲ್ಲ. ಕಾಗದ ಅವಳದು, ಅಪಾಯ ಅವಳದು. ನಾನಾದರೂ ಕೇಳಬಹುದಿತ್ತು.

"ತೆಗೆದುಬಿಡ್ರಿ" ಅಂದೆ.

ಟೈಪಿಸ್ಟ್ ಕಡತವನ್ನು ಡಿಲೀಟ್ ಮಾಡಿದರು. ಅದು ಬುಟ್ಟಿಗೆ ಹೋಯಿತು.

"ಬುಟ್ಟಿನೂ ಖಾಲಿ ಮಾಡ್ರಿ."

ಅವರು ಮೌಸಿನಿಂದ ಕೈ ತೆಗೆದು ನನ್ನನ್ನು ನೋಡಿದರು. "ಅದನ್ನ ನೀವೇ ಮಾಡ್ರಿ. ನಿಮಗ ರೂಢಿ ಅದ" ಅಂದರು.

ಮಾಡಿದೆ.

ಸೋಮವಾರ ಅರ್ಧ ಪ್ರಮಾಣಪತ್ರದ ಪ್ರಿಂಟ್ ಹಿಡಿದು ತಾಯಿ, ಮಗಳು, ನಾನು ಶಾಲೆಗೆ ಹೋದೆವು. ಜೊತೆಗೆ ನಾನು ಒಂದು ಹೇಳಿಕೆ ಬರೆದುಕೊಂಡಿದ್ದೆ: ಇಂಥ ದಿನ ಇಂಥ ಕೆಲಸ ಮಾಡುವಾಗ ನನ್ನಿಂದ ಡಿಸ್ಕ್ ಅಳಿದಿದೆ, ಈ ಪ್ರತಿ ಅದರಿಂದ ಹೊರತೆಗೆದದ್ದು, ನಂಬರನ್ನು ಕಚೇರಿಯಲ್ಲಿ ತಾಳೆ ನೋಡಬಹುದು. ಒಂದೂವರೆ ಪುಟ, ವಿಶೇಷಣ ಒಂದೂ ಇಲ್ಲ. ಪರಿಶೀಲನೆಯ ಮೇಜಿನ ಗುಮಾಸ್ತರು ವಯಸ್ಸಾದವರು, ಒರಟರಲ್ಲ. ಸಾಲು ಕಾಯುತ್ತಿದ್ದರೂ ಅದನ್ನು ಪೂರ್ತಿ ಓದಿದರು.

"ಭಾಳ ಛಂದ ಬರ್ದೀರಿ" ಅಂದರು. "ಆದ್ರ ಇದನ್ನ ಎಲ್ಲಿ ಲಗತ್ತು ಮಾಡ್ಲ್ರಿ? ಇದಕ್ಕ ನನ್ನ ಫಾರಂದಾಗ ಖಾನೆನೇ ಇಲ್ಲ."

"ನಂಬರ್ ಅದ ಅಲ್ರಿ?"

"ನಂಬರ್ ಅದ. ಸಹಿ ಕಾಣವಲ್ದು, ಮೊಹರ್ ಕಾಣವಲ್ದು. ನಾ ಇದಕ್ಕ ಹೂಂ ಅಂದ್ರ ಈಕಿ ಹಿಂದಿನ ಹುಡುಗಿ ನನಗ ಏನ್ ಕೇಳ್ತಾಳ, ಹೇಳ್ರಿ."

ಹಿಂದಿನ ಹುಡುಗಿ ಅಲ್ಲೇ ನಿಂತಿದ್ದಳು. ತನ್ನ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಎದೆಗೊತ್ತಿ ಹಿಡಿದಿದ್ದಳು. ಅವಳೂ ಔರಾದ ಕಡೆಯವಳೇ. ಗುಮಾಸ್ತರು ಮೀಸಲಾತಿಯ ಕಾಲಂ ಹೊಡೆದುಹಾಕಿದರು. ಸಾಮಾನ್ಯ ಪಟ್ಟಿಯಲ್ಲಿ ನಮ್ಮವಳ ಸಂಖ್ಯೆ ಬಹಳ ಕೆಳಗಿತ್ತು.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಹುಡುಗಿ ನನ್ನನ್ನು ಒಂದೇ ಮಾತು ಕೇಳಿದಳು. "ಸರ್, ಅದು ಪರದಿ ಮ್ಯಾಲ ಪೂರಾ ಇತ್ತಲ್ರಿ, ಅವರಿಗಿ ಖರೇನೇ ಗೊತ್ತಾಗ್ತಿತ್ತೇನ್ರಿ?"

"ಇಲ್ಲ" ಅಂದೆ. "ಇವತ್ತ ಗೊತ್ತಾಗ್ತಿರಲಿಲ್ಲ."

ಅವಳು ತಲೆಯಾಡಿಸಿದಳು. ಮರುದಿನ ಇಬ್ಬರೂ ಪುಣೆಗೆ ಹೋದರು.

ಆ ನಂಬರಿನಿಂದ ಎರಡನೆಯ ಪ್ರತಿಗೆ ನಾನೇ ಅರ್ಜಿ ಬರೆದು ಅವರ ಪರವಾಗಿ ಕೊಟ್ಟೆ. ಅದು ಸಿಕ್ಕಾಗ ಪ್ರವೇಶ ಮುಗಿದು ತಿಂಗಳಾಗಿತ್ತು. ಅವರು ಊರಿಗೆ ಬಂದಾಗ ಒಯ್ಯಲಿ ಎಂದು ಟೈಪಿಸ್ಟರ ಹತ್ತಿರ ಕೊಟ್ಟಿಟ್ಟೆ.

ಇನ್ನೊಂದು ಕೆಲಸ ಬಾಕಿ ಇತ್ತು. ಪತ್ರಿಕೆಯಲ್ಲಿ ತಪ್ಪಾದರೆ ಓದುಗ ಫೋನ್ ಮಾಡುವ ತನಕ ಕಾಯಬಾರದು, ಮರುದಿನ ನಾವೇ ತಿದ್ದುಪಡಿ ಹಾಕಬೇಕು. ಯಾರ್ಯಾರ ಕಾಗದ ಹೋಗಿದೆಯೋ ಅವರಿಗೆಲ್ಲ ತಿಳಿಸಬೇಕು ಎಂದೆ. ಟೈಪಿಸ್ಟ್ ಕೈಮುಗಿದರು. "ಬ್ಯಾಡ್ರಿ. ಎಲ್ಲರಿಗಿ ಎಲ್ಲಿ ಬೇಕಾಗ್ತದ? ಬೇಕಾದವ್ರು ಬಂದಾಗ ನೋಡಮು. ಈಗ ಹೇಳಿದ್ರ ನನ್ನ ಇಮಾನ್ ಹೋಗ್ತದ." ಒಂದು ವಾರ ಜಗ್ಗಾಡಿದೆವು. ಕೊನೆಗೆ ಅವರೇ ಟೈಪ್ ಮಾಡಿ ಬಾಗಿಲಿಗೆ ಅಂಟಿಸಿದರು: ಈವರೆಗೆ ಇಟ್ಟ ಕಾಗದಗಳಲ್ಲಿ ಹೆಚ್ಚಿನವು ನಮ್ಮಲ್ಲಿ ಉಳಿದಿಲ್ಲ, ದಯವಿಟ್ಟು ಮೂಲ ಜೋಪಾನ ಮಾಡಿಕೊಳ್ಳಿ. ಫೋನ್ ನಂಬರ್ ಇದ್ದವರಿಗೆ ನಾವಿಬ್ಬರೂ ಫೋನ್ ಮಾಡಿದೆವು. ಕೆಲವರು ಬೈದರು. ಹೆಚ್ಚಿನವರು "ಹೌದೇನ್ರಿ" ಎಂದು ಇಟ್ಟುಬಿಟ್ಟರು. ಬೈದವರ ಜೊತೆ ಮಾತಾಡುವುದೇ ಸುಲಭವಾಗಿತ್ತು.

ಬೀದರಿನ ನಮ್ಮ ಭಾನುವಾರದ ಗುಂಪಿನಲ್ಲಿ ಇದನ್ನು ವರದಿ ಮಾಡಿದೆ. ಒಬ್ಬರು, "ಕಸದ ಬುಟ್ಟಿಯಲ್ಲಿ ದಾಖಲೆ ಇಡೋರಿಗೆ ಯಾವ ಸಿಸ್ಟಂ ಕೊಟ್ಟರೂ ಅಷ್ಟೇ" ಎಂದರು. ಎಲ್ಲರೂ ನಕ್ಕರು. ಆ ಟೈಪಿಸ್ಟ್ ಕಂಡ ಮಟ್ಟಿಗೆ ಅವರ ಯಂತ್ರದಲ್ಲಿ ವೈರಸ್ ಮುಟ್ಟದ ಏಕೈಕ ಜಾಗ ಅದೇ ಆಗಿತ್ತು. ಅವರು ಪರೀಕ್ಷಿಸಿ ನೋಡಿ ಆರಿಸಿಕೊಂಡಿದ್ದರು. ನಮ್ಮಲ್ಲಿ ಯಾರೂ ಅಷ್ಟು ಪರೀಕ್ಷಿಸಿರಲಿಲ್ಲ. ಇದನ್ನು ಅಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ಹಾಳೆಗೆ ಹದಿನೈದನೆಯ ಪ್ರಶ್ನೆ ಸೇರಿಸಿದೆ: ಕಳೆಯಬಾರದ್ದನ್ನು ಎಲ್ಲಿ ಇಡುತ್ತೀರಿ, ತೆರೆದು ತೋರಿಸಿ. ಆ ಹಾಳೆಯನ್ನು ನಾನು ಆಮೇಲೆ ಹೆಚ್ಚು ಸಲ ಬಳಸಲಿಲ್ಲ.

ಮರುವರ್ಷ ಮಳೆ ಬಂತು, ಸಾಕೆನ್ನುವಷ್ಟು ಬಂತು. ಔರಾದದ ಅಂಗಡಿಯಲ್ಲಿ ಲಿನಕ್ಸ್ ಒಂದು ದಿನವೂ ಕೆಡದೆ ಓಡುತ್ತಿತ್ತು. ಗುಂಪಿನ ಪಟ್ಟಿಯಲ್ಲಿ ಅದು ಯಶಸ್ಸಿನ ಸಾಲಿನಲ್ಲೇ ಇದೆ. ಟೈಪಿಸ್ಟ್ ನನ್ನೊಡನೆ ಮಾತು ಬಿಟ್ಟಿರಲಿಲ್ಲ. ಪ್ರಿಂಟರಿನ ಅಂಚು ಸರಿಪಡಿಸಲು ಕರೆದಿದ್ದರು. ಅಂದು ಎಕಂಬಾದ ತಾಯಿ ಎರಡನೆಯ ಪ್ರತಿ ಒಯ್ಯಲು ಬಂದರು. ನನ್ನನ್ನು ನೋಡಿ ಗುರುತು ಹಿಡಿದರು, ಜೈ ಭೀಮ್ ಅಂದರು.

"ಮಗಳು ಬಂದಿಲ್ಲೇನ್ರಿ?" ಎಂದು ಕೇಳಿದೆ.

"ಇಲ್ರಿ, ಅಲ್ಲೇ ಅದಾಳ. ಮುಕಾದಮ ಹಾಜರಿ ಬರಿಲಾಕ ಇಟ್ಕೊಂಡಾನ. ಆಕಿ ಅಕ್ಷರ ಛಂದ ಅವ ಅಂತ. ಬಿಡಂಗಿಲ್ಲ ಅಂತಾನ."

"ಈ ವರ್ಷ ಅರ್ಜಿ ಹಾಕಬಹುದಿತ್ತು."

"ಹಾಕೆಂದೀನ್ರಿ. ನೋಡ್ತೀನಿ ಅಂತಾಳ." ಅಷ್ಟು ಹೇಳಿ ಪ್ರಮಾಣಪತ್ರವನ್ನು ಬೆಳಕಿಗೆ ಹಿಡಿದು ಮೊಹರು ನೋಡಿದರು.

ಟೈಪಿಸ್ಟ್ ಸ್ಕ್ಯಾನರಿನ ಮುಚ್ಚಳ ಎತ್ತಿ ಕಾಯುತ್ತಿದ್ದರು. "ಅಕ್ಕಾ, ಕೊಡ್ರಿ, ಒಂದ್ ಕಾಪಿ ಹಾಕಿ ಇಡ್ತೇನಿ. ಈಗ ಎರಡ್ ಜಾಗಾದಾಗ ಇಡ್ತೇನ್ರಿ, ಡಬ್ಬ್ಯಾಗೊಂದು, ಹೊರಗಿನ ಡಿಸ್ಕಿನಾಗೊಂದು. ಇಲ್ಲಿ ನೋಡ್ರಿ." ಪರದೆಯ ಮೇಲೆ ಊರಿನ ಹೆಸರುಗಳ ಹೊಸ ಫೋಲ್ಡರುಗಳನ್ನು ತೆರೆದು ತೋರಿಸಿದರು. ಎಲ್ಲ ಹೆಸರುಗಳೂ ಇದ್ದವು, ಒಳಗೆ ಏನೂ ಇರಲಿಲ್ಲ. ಆ ವರ್ಷ ಹೊರಟವರು ಯಾರೂ ಕಾಗದ ಇಟ್ಟುಹೋಗಿರಲಿಲ್ಲ.

ತಾಯಿ ಪ್ರಮಾಣಪತ್ರವನ್ನು ನಾಲ್ಕು ಮಡಿಕೆ ಮಾಡಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸೊಂಟದ ಚೀಲಕ್ಕೆ ಸೇರಿಸಿ ಅದರ ದಾರ ಬಿಗಿದರು.

"ಡಬ್ಬಿ ನಿಮ್ದು ಛಲೋನೇ ಅದರಿ" ಅಂದರು. "ಕಾಗದ ನಮ್ಮ ಕಡೀನೇ ಇರ್ಲಿ."

ಟೈಪಿಸ್ಟ್ ಸ್ಕ್ಯಾನರಿನ ಮುಚ್ಚಳ ಮುಚ್ಚಿದರು. ನಾನು ಪ್ರಿಂಟರಿನ ಅಂಚು ಅಳೆಯಲು ಒಂದು ಖಾಲಿ ಪುಟ ಪ್ರಿಂಟ್ ಕೊಟ್ಟೆ.